ನೆಲದ ಮೇಲಿನ ಹಾರಾಟ: ಮಾದರಿ ಹೆಲಿಕಾಪ್ಟರಿನ ಸಿಮ್ಯುಲೇಟರ್ ಆಯ್ಕೆಯನ್ನು ಕುರಿತ ಒಂದು ಚಾರಿತ್ರಿಕ ವಿಚಾರ

ರೇಡಿಯೋ ನಿಯಂತ್ರಿತ ಹೆಲಿಕಾಪ್ಟರನ್ನು ಹಾರಿಸಲು ಕಲಿಯಬೇಕೆಂದಿರುವವನು ಯಂತ್ರವನ್ನು ಕೊಳ್ಳುವುದಕ್ಕೆ ಮೊದಲು ಸಿಮ್ಯುಲೇಟರೊಂದನ್ನು ಕೊಳ್ಳಬೇಕೆಂಬುದು ಆ ಹವ್ಯಾಸದವರಲ್ಲಿ ಈಗ ಬಹುಮಟ್ಟಿಗೆ ಎಲ್ಲರೂ ಒಪ್ಪಿದ ಮಾತು. ಯಾವುದನ್ನು ಕೊಳ್ಳಬೇಕೆಂಬಲ್ಲಿ ಮಾತ್ರ ಒಮ್ಮತವಿಲ್ಲ. ಮೇಲ್ನೋಟಕ್ಕೆ ಇದು ಅಂಗಡಿಯ ಪ್ರಶ್ನೆ. ಇತಿಹಾಸ ವಿಭಾಗದ ವಾರ್ಷಿಕ ಪತ್ರಿಕೆಯಲ್ಲಿ ಇದಕ್ಕೆ ಎಡೆಯೇನೆಂದು ವಾಚಕರು ಕೇಳಬಹುದು. ಆದರೆ ಇದೇ ಪ್ರಶ್ನೆಯನ್ನು 1910ರ ಸುಮಾರಿಗೆ ಫ್ರಾನ್ಸಿನ ಹಾರಾಟದ ಶಾಲೆಯೊಂದು ಕೇಳಿಕೊಂಡಿತ್ತು. 1934ರಲ್ಲಿ ಅಮೆರಿಕದ ಸೈನ್ಯ ಕೇಳಿಕೊಂಡಿತು, ಅದೂ ಹಲವು ಹೆಣಗಳನ್ನು ಕಂಡಮೇಲೆ. 1960ರ ದಶಕದಲ್ಲಿ ಮನಶ್ಶಾಸ್ತ್ರಜ್ಞರು ಅದನ್ನು ಪ್ರಯೋಗದ ಒರೆಗೆ ಹಚ್ಚಿದರು. ಅವರಿಗೆ ದೊರೆತ ಉತ್ತರಗಳನ್ನು ಒಂದೆಡೆ ಇಟ್ಟು ನೋಡಿದರೆ ಇಂದಿನ ಆಯ್ಕೆಗೆ ಬೇಕಾದ ಅಳತೆಗೋಲು ಅವುಗಳಲ್ಲಿಯೇ ಇದೆಯೆಂಬುದು ನಮ್ಮ ಅಭಿಪ್ರಾಯ.

ಸಿಮ್ಯುಲೇಟರಿನ ಇತಿಹಾಸವನ್ನು ಸಾಮಾನ್ಯವಾಗಿ ಸಾದೃಶ್ಯದ ಇತಿಹಾಸವೆಂದು ಹೇಳುವ ವಾಡಿಕೆಯಿದೆ. ಮೊದಲು ಮರದ ಪೀಪಾಯಿ, ಅನಂತರ ತಿದಿಗಳ ಮೇಲೆ ಕುಳಿತ ಪೆಟ್ಟಿಗೆ, ಅನಂತರ ಆರು ಕಾಲುಗಳ ಚಲಿಸುವ ವೇದಿಕೆ, ಕೊನೆಗೆ ಗಣಕಯಂತ್ರದ ಚಿತ್ರಲೋಕ. ಹಿಂದಿನದಕ್ಕಿಂತ ಮುಂದಿನದು ನಿಜವಾದ ಹಾರಾಟವನ್ನು ಹೆಚ್ಚು ಹೋಲುತ್ತದೆ, ಆದುದರಿಂದ ಹೆಚ್ಚು ಚೆನ್ನಾಗಿ ಕಲಿಸುತ್ತದೆ ಎಂಬುದು ಈ ನಿರೂಪಣೆಯ ಧಾಟಿ. ಕಾಲಾನುಕ್ರಮಣಿಕೆಯಾಗಿ ಇದು ಸರಿ. ಕಾರಣವಿಚಾರವಾಗಿ ಸರಿಯೆಂದು ನಮಗೆ ತೋರುವುದಿಲ್ಲ. ಕಲಿಸುವುದರಲ್ಲಿ ಗೆದ್ದ ಯಂತ್ರಗಳು ಎಲ್ಲ ವಿಷಯದಲ್ಲೂ ವಿಮಾನವನ್ನು ಹೋಲುತ್ತಿದ್ದುವಲ್ಲ. ಕಲಿಯುವವನು ಯಾವುದನ್ನು ನೋಡಿ ತನ್ನ ಕೈಯನ್ನು ತಿದ್ದಿಕೊಳ್ಳಬೇಕೋ ಆ ಒಂದರಲ್ಲಿ ಅವು ಸತ್ಯವಾಗಿದ್ದುವು. ಉಳಿದವುಗಳಲ್ಲಿ ಎಷ್ಟೋ ವೇಳೆ ನಗೆಪಾಟಲಾಗುವಷ್ಟು ಒರಟಾಗಿದ್ದುವು.

ಆಂಟ್ವಾನೆಟ್ ಸಂಸ್ಥೆಯ ಪೀಪಾಯಿಯನ್ನು ನೋಡೋಣ. ಆಂಟ್ವಾನೆಟ್ ಏಕಪದರ ವಿಮಾನದಲ್ಲಿ ಇಂದಿನ ನಿಯಂತ್ರಣದಂಡವಿರಲಿಲ್ಲ. ಚಾಲಕನ ಎಡಬಲಗಳಲ್ಲಿ ಒಂದೊಂದು ಚಕ್ರವಿತ್ತು. ಮೂಗನ್ನು ಮೇಲೆ ಕೆಳಗೆ ಮಾಡಲು ಒಂದು, ರೆಕ್ಕೆಗಳನ್ನು ತಿರುಚಿ ವಿಮಾನವನ್ನು ಓರೆಮಾಡಲು ಇನ್ನೊಂದು. ಕೈಗೆ ಸಹಜವಲ್ಲದ ಈ ಏರ್ಪಾಟನ್ನು ಆಕಾಶದಲ್ಲಿ ಕಲಿಯುವುದೆಂದರೆ ವಿಮಾನವನ್ನು ಮುರಿದು ಕಲಿಯುವುದೇ ಸರಿ. ಹಾಗಾಗಿ ಮೂರ್ಮೆಲೋನಿನ ಶಾಲೆಯಲ್ಲಿ ಪೀಪಾಯಿಯನ್ನು ಇಬ್ಭಾಗ ಮಾಡಿ ಒಂದು ಹೋಳಿನ ಮೇಲೆ ಇನ್ನೊಂದನ್ನು ಕೂಡಿಸಿದರು. ಶಿಷ್ಯನು ಮೇಲಿನ ಹೋಳಿನಲ್ಲಿ ಎರಡು ಚಕ್ರಗಳ ನಡುವೆ ಕುಳಿತುಕೊಳ್ಳುತ್ತಿದ್ದನು. ಸಹಾಯಕರು ಕೈಯಿಂದ ಪೀಪಾಯಿಯನ್ನು ಓಲಾಡಿಸುತ್ತಿದ್ದರು. ಮುಂದಿದ್ದ ಅಡ್ಡಕಂಬಿಯನ್ನು ದಿಗಂತಕ್ಕೆ ಸರಿಹೊಂದಿಸಿಕೊಳ್ಳುವುದು ಅವನ ಕೆಲಸ. ಇಲ್ಲಿ ವಿಮಾನವೆಂಬುದೇ ಇಲ್ಲ, ಗಾಳಿಯಿಲ್ಲ, ಎಂಜಿನಿಲ್ಲ. ಚಕ್ರ ಮಾತ್ರ ಆ ವಿಮಾನದ ಚಕ್ರದಂತೆಯೇ ಇತ್ತು, ದಿಗಂತವು ನಿಜವಾದ ದಿಗಂತವೇ ಆಗಿತ್ತು. ಶಾಲೆಗೆ ಬೇಕಾದುದು ಅಷ್ಟೇ.

ಅದೇ 1910ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಸ್ಯಾಂಡರ್ಸ್ ಯಂತ್ರ ಇದಕ್ಕೆ ವಿರುದ್ಧವಾದ ಉದಾಹರಣೆ. ನಿಜವಾದ ವಿಮಾನದ ಭಾಗಗಳನ್ನೇ ಒಂದು ಕೀಲಿನ ಮೇಲೆ ನಿಲ್ಲಿಸಿ, ಬೀಸುವ ಗಾಳಿಗೆ ಮುಖಮಾಡಿಸಿದ ಈ ಯಂತ್ರ ಸಾದೃಶ್ಯದಲ್ಲಿ ಪೀಪಾಯಿಗಿಂತ ಬಹಳ ಮುಂದಿತ್ತು. ಆದರೆ ಅದು ಸ್ಪಂದಿಸಬೇಕಾದರೆ ಗಾಳಿ ಬೀಸಬೇಕು, ಹದವಾಗಿಯೂ ಬೀಸಬೇಕು. ಗಾಳಿ ಯಾರ ಪಾಠದ ವೇಳೆಯನ್ನೂ ಕಾಯುವುದಿಲ್ಲ. ಶಿಷ್ಯನು ಕೈಯಾಡಿಸಿದುದಕ್ಕೆ ಉತ್ತರ ನಿಯತವಾಗಿ ಬರದಿದ್ದಮೇಲೆ ತಪ್ಪು ತನ್ನದೋ ಗಾಳಿಯದೋ ಎಂದು ಅವನು ತಿಳಿಯುವುದೆಂತು? ಈ ಯಂತ್ರ ಬಳಕೆಯಲ್ಲಿ ಉಳಿಯಲಿಲ್ಲ.

ಎಡ್ವಿನ್ ಆಲ್ಬರ್ಟ್ ಲಿಂಕನ ಕಥೆ ಸುಪರಿಚಿತವಾದುದು. ಆದರೂ ನಮ್ಮ ವಿಷಯಕ್ಕೆ ಅದರಲ್ಲಿ ಎರಡು ಅಂಶಗಳು ಮುಖ್ಯ. 1904ರಲ್ಲಿ ಹುಟ್ಟಿದ ಲಿಂಕನ ತಂದೆಗೆ ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್ಟನ್ನಿನಲ್ಲಿ ಪಿಯಾನೋ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆಯಿತ್ತು. ಗಾಳಿಯನ್ನು ಒತ್ತಿ, ಹೀರಿ, ವಾದ್ಯವನ್ನು ನುಡಿಸುವ ತಿದಿಗಳ ಕುಶಲಕರ್ಮ ಅವನಿಗೆ ಮನೆಯ ವಿದ್ಯೆ. ಹಾರಾಟ ಕಲಿಯಲು ತಗಲುತ್ತಿದ್ದ ವೆಚ್ಚವನ್ನು ಕಂಡ ಅವನು 1920ರ ದಶಕದ ಕೊನೆಯಲ್ಲಿ ಅದೇ ತಿದಿಗಳ ಮೇಲೆ ಮೋಟುರೆಕ್ಕೆಯ ಮರದ ಪೆಟ್ಟಿಗೆಯೊಂದನ್ನು ಕೂಡಿಸಿ, ಒಳಗಿನ ದಂಡ ಆಡಿದಂತೆ ಪೆಟ್ಟಿಗೆ ಓಲುವ ಹಾಗೆ ಮಾಡಿದನು. ಅವನು ಸಲ್ಲಿಸಿದ ಪೇಟೆಂಟಿನ ಅರ್ಜಿ 1931ರಲ್ಲಿ ಅಂಗೀಕೃತವಾಯಿತು. ಆ ಪೇಟೆಂಟಿನ ಶೀರ್ಷಿಕೆಯೇ ಗಮನಾರ್ಹ: ವಿಮಾನವಿದ್ಯಾರ್ಥಿಗಳ ತರಬೇತಿಗೂ ವಿನೋದಕ್ಕೂ ಒದಗುವ ಸಂಯುಕ್ತ ಸಾಧನವೆಂದು ಅವನೇ ಅದನ್ನು ಕರೆದಿದ್ದಾನೆ. ಮೊದಲಲ್ಲಿ ಯಂತ್ರವನ್ನು ಹೆಚ್ಚಾಗಿ ಕೊಂಡವರು ವಿನೋದೋದ್ಯಾನಗಳವರು. ಒಂದೇ ಪೆಟ್ಟಿಗೆ ಸಂತೆಯಲ್ಲಿ ಆಟಿಕೆ, ಶಾಲೆಯಲ್ಲಿ ಗುರು. ಸಿಮ್ಯುಲೇಟರು ಆಟವೋ ಪಾಠವೋ ಎಂದು ಈಗ ನಡೆಯುವ ಚರ್ಚೆಯನ್ನು ಕೇಳುವಾಗ ನಮಗೆ ಈ ಶೀರ್ಷಿಕೆ ನೆನಪಾಗದಿರುವುದಿಲ್ಲ.

ಎರಡನೆಯ ಅಂಶ 1934ರದು. ಆ ವರ್ಷದ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್ವೆಲ್ಟರ ಸರಕಾರ ಖಾಸಗಿ ಸಂಸ್ಥೆಗಳೊಡನಿದ್ದ ವಿಮಾನ ಅಂಚೆಯ ಒಪ್ಪಂದಗಳನ್ನು ರದ್ದುಮಾಡಿ ಆ ಕೆಲಸವನ್ನು ಸೈನ್ಯದ ವಿಮಾನದಳಕ್ಕೆ ಒಪ್ಪಿಸಿತು. ಸೈನ್ಯದ ಚಾಲಕರು ಹಗಲಿನ ತಿಳಿಯಾಕಾಶದಲ್ಲಿ ನುರಿತವರು. ರಾತ್ರಿಯಲ್ಲಿ, ಮಂಜಿನಲ್ಲಿ, ಹಿಮಗಾಳಿಯಲ್ಲಿ ಮಾಪಕಗಳನ್ನು ಮಾತ್ರ ನೋಡಿ ಹಾರಿಸಿದ ಅಭ್ಯಾಸ ಅವರಿಗೆ ತೀರ ಕಡಮೆ. ಕೆಲವೇ ವಾರಗಳಲ್ಲಿ ಹತ್ತಕ್ಕಿಂತ ಹೆಚ್ಚು ಮಂದಿ ಸತ್ತರು. ಮಾಪಕಗಳ ಹಾರಾಟ ಆಗ ಅಸಾಧ್ಯವೇನೂ ಆಗಿರಲಿಲ್ಲ; ಹೊರಗೆ ನೋಡದೆ ಏರಿ, ಸುತ್ತಿ, ಇಳಿಯಬಹುದೆಂಬುದನ್ನು 1929ರ ಸೆಪ್ಟೆಂಬರಿನಲ್ಲಿಯೇ ಜೇಮ್ಸ್ ಡೂಲಿಟಲ್ ತೋರಿಸಿಕೊಟ್ಟಿದ್ದನು. ಕೊರತೆಯಿದ್ದುದು ವಿದ್ಯೆಗಲ್ಲ, ಅದನ್ನು ಕಲಿಸುವ ಏರ್ಪಾಟಿಗೆ. ಅದೇ ವರ್ಷ ಸೈನ್ಯ ಲಿಂಕನ ಆರು ಯಂತ್ರಗಳನ್ನು ಕೊಂಡಿತು.

ಆ ನೀಲಿ ಪೆಟ್ಟಿಗೆಯ ಮುಚ್ಚಳವನ್ನು ಹಾಕಿದರೆ ಒಳಗೆ ಕತ್ತಲು. ಶಿಷ್ಯನಿಗೆ ಕಾಣುವುದು ಮಾಪಕಗಳು ಮಾತ್ರ. ಹೊರಗಿನ ಮೇಜಿನ ಮೇಲೆ ಮೂರು ಪುಟ್ಟ ಚಕ್ರಗಳ ಸಾಧನವೊಂದು ನಕ್ಷೆಯ ಮೇಲೆ ಹರಿದಾಡುತ್ತ ಅವನು ಹಾರಿದ ದಾರಿಯನ್ನು ಮಸಿಯಲ್ಲಿ ಬರೆಯುತ್ತಿತ್ತು. ಅದರ ನಡಿಗೆಯನ್ನು ಕಂಡು ಜನ ಅದನ್ನು ಏಡಿಯೆಂದು ಕರೆದರು. ಪಾಠ ಮುಗಿದಮೇಲೆ ಶಿಷ್ಯನಿಗೆ ತನ್ನ ತಪ್ಪು ಕಾಗದದ ಮೇಲೆ ಕಾಣುತ್ತಿತ್ತು. ಈ ಯಂತ್ರದಲ್ಲಿ ಹೊರಗಿನ ನೋಟವೇ ಇಲ್ಲವೆಂಬುದು ಕುಂದೆಂದು ತೋರಬಹುದು. ಆದರೆ ಮಂಜಿನಲ್ಲಿ ಹಾರುವವನಿಗೂ ಹೊರಗಿನ ನೋಟವಿಲ್ಲ! ಯಾವ ಕೆಲಸವನ್ನು ಕಲಿಸಬೇಕಾಗಿತ್ತೋ ಅದರ ಮಟ್ಟಿಗೆ ಲಿಂಕನ ಪೆಟ್ಟಿಗೆ ಒರಟು ಅನುಕರಣವಲ್ಲ. ಬಹುಮಟ್ಟಿಗೆ ಅದೇ ಕೆಲಸ. ಎರಡನೆಯ ಮಹಾಯುದ್ಧದ ಕಾಲಕ್ಕೆ ಇಂಥ ಪೆಟ್ಟಿಗೆಗಳು ಹತ್ತು ಸಾವಿರದ ಮೇಲಾದುವು. ಅವುಗಳಲ್ಲಿ ಕಲಿತವರ ಸಂಖ್ಯೆ ಐದು ಲಕ್ಷವನ್ನು ಮೀರಿತೆಂದು ಹೇಳುತ್ತಾರೆ. ತರಬೇತಿ ಯಂತ್ರಗಳ ಇತಿಹಾಸಕ್ಕೆ ದೊರೆಯುವ ಆಧಾರಗಳಲ್ಲಿ ಬಹುಪಾಲು ಮಾರಿದವರದೇ ಆಗಿರುವುದರಿಂದ ಇಂಥ ದೊಡ್ಡ ಸಂಖ್ಯೆಗಳನ್ನು ಕೊಂಚ ಎಚ್ಚರದಿಂದ ಓದಬೇಕಾಗುತ್ತದೆ.

ಮಾರುವವರ ಮಾತನ್ನು ಬಿಟ್ಟು ಅಳೆಯುವವರ ಮಾತು ಕೇಳಿಬಂದುದು ಯುದ್ಧಾನಂತರ. ಇವುಗಳಲ್ಲಿ ಹೆಲಿಕಾಪ್ಟರಿಗೆ ನೇರವಾಗಿ ಸಂಬಂಧಿಸಿದ ಪ್ರಯೋಗ 1960ರ ದಶಕದಲ್ಲಿ ಅಮೆರಿಕದ ಸೈನ್ಯದಲ್ಲಿ ನಡೆಯಿತು. ಅಲ್ಲಿ ಬಳಸಿದುದು ವಿಚಿತ್ರವಾದ ಸಾಧನ: ಒಬ್ಬನೇ ಕೂರಬಹುದಾದ ಪುಟ್ಟ ನಿಜ ಹೆಲಿಕಾಪ್ಟರನ್ನು, ನೆಲಕ್ಕೆ ತುಸು ಮೇಲೆ ಗಾಳಿಯ ಮೆತ್ತೆಯ ಮೇಲೆ ತೇಲುವ ವೇದಿಕೆಯೊಂದಕ್ಕೆ ಬಿಗಿದಿದ್ದರು. ಅದು ಏರಿ ಹೋಗಲಾರದು, ಮಗುಚಲಾರದು. ಆದರೆ ಹೆಲಿಕಾಪ್ಟರಿನ ಚಂಚಲತೆಯೆಲ್ಲ ಅದರಲ್ಲಿತ್ತು. ಇದರಲ್ಲಿ ಕೆಲವು ಗಂಟೆ ಕಳೆದು ಹೋದವರಲ್ಲಿ ಮುಂದಿನ ಹಾರಾಟದ ಶಿಕ್ಷಣದಲ್ಲಿ ಅನುತ್ತೀರ್ಣರಾಗಿ ಹೊರಬಿದ್ದವರು ಕಡಮೆಯೆಂದು ಪಾಲ್ ಕ್ಯಾರೋ ಮತ್ತು ಅವರ ಸಂಗಡಿಗರು ಕಂಡುಕೊಂಡರು. ದೃಶ್ಯವೈಭವವಿಲ್ಲದಿದ್ದರೂ ಚಂಚಲತೆ ನಿಜವಾಗಿದ್ದರೆ ಸಾಕೆಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷ್ಯ ಬೇಕಾಗಿಲ್ಲ.

1971ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಸ್ಟಾನ್ಲಿ ರೋಸ್ಕೋ ಇನ್ನೊಂದು ಉಪಯುಕ್ತವಾದ ಮಾತನ್ನು ಸೂತ್ರರೂಪದಲ್ಲಿ ಇಟ್ಟರು. ತರಬೇತಿ ಯಂತ್ರದಲ್ಲಿ ಕಳೆದ ಮೊದಲ ಗಂಟೆ ಆಕಾಶದಲ್ಲಿ ಉಳಿಸುವಷ್ಟು ಹೊತ್ತನ್ನು ಹತ್ತನೆಯ ಗಂಟೆ ಉಳಿಸುವುದಿಲ್ಲ. ಲಾಭ ಗಂಟೆಗಂಟೆಗೆ ಇಳಿಯುತ್ತ ಹೋಗುತ್ತದೆ, ಕೊನೆಗೊಂದು ಹಂತದಲ್ಲಿ ಯಂತ್ರದ ಗಂಟೆಗೆ ತಗಲುವ ವೆಚ್ಚ ಅದು ಉಳಿಸುವುದಕ್ಕಿಂತ ಹೆಚ್ಚಾಗುತ್ತದೆ. ಈ ಕಾಲಕ್ಕೆ ದೊಡ್ಡ ವಿಮಾನಗಳ ಸಿಮ್ಯುಲೇಟರುಗಳು ಬೇರೊಂದು ದಾರಿ ಹಿಡಿದಿದ್ದುವು. 1965ರಲ್ಲಿ ಸ್ಟೀವರ್ಟ್ ವಿವರಿಸಿದ ಆರು ಕಾಲುಗಳ ವೇದಿಕೆ ಅವುಗಳ ಸಾಮಾನ್ಯ ಲಕ್ಷಣವಾಯಿತು. ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಯೂ ಕೆನಡಾದ ಸಿ.ಎ.ಇ. ಸಂಸ್ಥೆಯೂ ಸೇರಿ 2010ರಲ್ಲಿ ಆರಂಭಿಸಿದ ಹೆಲಿಕಾಪ್ಟರ್ ಸಿಮ್ಯುಲೇಟರ್ ಕೇಂದ್ರ ಈ ಪರಂಪರೆಯದು. ಅಲ್ಲಿಯ ಒಂದು ಏರ್ಪಾಟು ನಮ್ಮ ವಾದಕ್ಕೆ ಒದಗುತ್ತದೆ. ಚಲನೆಯ ವೇದಿಕೆಯನ್ನೂ ದೃಶ್ಯದ ಗೋಳವನ್ನೂ ಹಾಗೆಯೇ ಇಟ್ಟುಕೊಂಡು ಚಾಲಕನ ಕೋಣೆಯನ್ನು ಮಾತ್ರ ಬದಲಾಯಿಸಬಹುದು; ಬೆಲ್ ಹೆಲಿಕಾಪ್ಟರಿನವನಿಗೆ ಅದರ ಕೋಣೆ, ಧ್ರುವದವನಿಗೆ ಧ್ರುವದ ಕೋಣೆ. ಕೈಗೆ ಸಿಗುವ ಭಾಗದಲ್ಲಿ ಮಾತ್ರ ರಾಜಿಯಿಲ್ಲ.

ಇನ್ನು ಮಾದರಿ ಹೆಲಿಕಾಪ್ಟರಿಗೆ ಬರೋಣ. ಸಣ್ಣ ವಿಮಾನಗಳನ್ನು ರೇಡಿಯೋದಿಂದ ಹಾರಿಸುವುದು ರೂಢಿಗೆ ಬಂದು ಬಹುಕಾಲವಾದಮೇಲೂ ಹೆಲಿಕಾಪ್ಟರು ಹವ್ಯಾಸಿಗಳ ಕೈಗೆ ಒಗ್ಗಿರಲಿಲ್ಲ. 1960ರ ದಶಕವೆಲ್ಲ ಪ್ರಯತ್ನಗಳು ನಡೆದು, 1970ರಲ್ಲಿ ಜರ್ಮನಿಯ ಡೀಟರ್ ಶ್ಲ್ಯೂಟರ್ ತನ್ನ ಯಂತ್ರವನ್ನು ಅರ್ಧ ಗಂಟೆಗೆ ಹತ್ತಿರ ಹಾರಿಸಿ ದಾಖಲೆ ಸ್ಥಾಪಿಸಿದನು. ಯಂತ್ರ ಸಿದ್ಧವಾಯಿತು, ಕಲಿಯುವ ಬಗೆ ಸಿದ್ಧವಾಗಿರಲಿಲ್ಲ. ಸಿಮ್ಯುಲೇಟರುಗಳು ಬರುವವರೆಗೆ ಕಲಿಯುವವರು ಯಂತ್ರದ ಕಾಲುಗಳಿಗೆ ಉದ್ದವಾದ ಕಡ್ಡಿಗಳನ್ನು ಅಡ್ಡಡ್ಡ ಕಟ್ಟಿ, ತುದಿಗಳಿಗೆ ಹಗುರವಾದ ಚೆಂಡುಗಳನ್ನು ಸಿಕ್ಕಿಸಿ, ನೆಲಕ್ಕೆ ಗೇಣುದ್ದ ಮೇಲೆ ಜಾರಾಡಿಸುತ್ತ ವಾರಗಟ್ಟಲೆ ಕಳೆಯುತ್ತಿದ್ದರು. ಸೈನ್ಯದ ಆ ತೇಲುವ ವೇದಿಕೆಗೂ ಈ ಕಡ್ಡಿಗಳಿಗೂ ತತ್ತ್ವ ಒಂದೇ. ಬಡವರ ಉಪಾಯವೆಂದು ಅದನ್ನು ಕಡೆಗಣಿಸಬೇಕಾಗಿಲ್ಲ. ಇಂದಿಗೂ ಅದು ಬಳಕೆಯಲ್ಲಿದೆ.

ಇದರ ಕಷ್ಟವೆಲ್ಲಿದೆಯೆಂಬುದನ್ನು ಬಿಡಿಸಿ ಹೇಳದಿದ್ದರೆ ಆಯ್ಕೆಯ ವಿಚಾರ ಸ್ಪಷ್ಟವಾಗದು. ನಿಂತಲ್ಲೇ ತೇಲುವ ಹೆಲಿಕಾಪ್ಟರು ತಾನಾಗಿ ನೆಲೆನಿಲ್ಲುವ ವಸ್ತುವಲ್ಲ. ಕಡ್ಡಿಯನ್ನು ಬಲಕ್ಕೆ ತಳ್ಳಿದರೆ ಅದು ಬಲಕ್ಕೆ ವಾಲುತ್ತದೆ. ವಾಲಿದಮೇಲೆ ವೇಗ ಕೂಡುತ್ತದೆ. ವೇಗ ಕೂಡಿದಮೇಲೆ ಜಾಗ ಬದಲಾಗುತ್ತದೆ. ಕಲಿಯುವವನು ಜಾಗ ಬದಲಾದುದನ್ನು ಕಂಡು ತಿದ್ದಲು ಹೊರಡುತ್ತಾನೆ, ಆಗಲೇ ತಡವಾಗಿರುತ್ತದೆ. ತಡವಾಯಿತೆಂದು ಹೆಚ್ಚು ತಿದ್ದುತ್ತಾನೆ, ಯಂತ್ರ ಇನ್ನೊಂದು ಬದಿಗೆ ಧಾವಿಸುತ್ತದೆ. ವಾಲುವಿಕೆಯನ್ನೇ ನೋಡಿ, ಜಾಗ ಕದಲುವ ಮೊದಲೇ ತಿದ್ದುವ ಕೈಯನ್ನು ಬೆಳೆಸಿಕೊಳ್ಳುವುದೇ ಈ ವಿದ್ಯೆಯ ಮೊದಲ ಪಾಠ. ಇದರ ಮೇಲೆ ಇನ್ನೊಂದು ತೊಡಕು: ಮಾದರಿಯ ಚಾಲಕನು ಯಂತ್ರದೊಳಗೆ ಕುಳಿತಿಲ್ಲ, ನೆಲದ ಮೇಲೆ ನಿಂತಿದ್ದಾನೆ. ಯಂತ್ರದ ಬಾಲ ತನ್ನ ಕಡೆಗಿರುವವರೆಗೆ ಅದರ ಬಲವೂ ತನ್ನ ಬಲವೂ ಒಂದೇ. ಮೂಗು ತನ್ನ ಕಡೆಗೆ ತಿರುಗಿತೆಂದರೆ ಎಡಬಲಗಳು ಅದಲುಬದಲಾಗುತ್ತವೆ. ಗೊತ್ತಿದ್ದೂ ಕೈ ತಪ್ಪುತ್ತದೆ. ಅಭ್ಯಾಸದಿಂದಲ್ಲದೆ ಬುದ್ಧಿಯಿಂದ ಇದು ಸಾಧಿಸುವುದಿಲ್ಲ.

ತಪ್ಪಿದರೆ ಆಗುವುದು ಹಣದ ನಷ್ಟವೊಂದೇ ಅಲ್ಲ. 700ರ ವರ್ಗವೆಂದು ಕರೆಯುವ ದೊಡ್ಡ ಮಾದರಿಯ ರೋಟರಿನ ವ್ಯಾಸ ಸುಮಾರು 1.58 ಮೀಟರು. ಅದು ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಅಲಗಿನ ತುದಿಯ ವೇಗ ಗಂಟೆಗೆ 600 ಕಿಲೋಮೀಟರಿಗೆ ಸಮೀಪಿಸುತ್ತದೆ. 2013ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನಿನಲ್ಲಿ ಹತ್ತೊಂಬತ್ತು ವರ್ಷದ ತರುಣನೊಬ್ಬನು ತಾನೇ ಹಾರಿಸುತ್ತಿದ್ದ ಮಾದರಿಯ ಅಲಗು ತಗುಲಿ ಉದ್ಯಾನದಲ್ಲಿಯೇ ಸತ್ತನು. ಅವನು ಹೊಸಬನೂ ಅಲ್ಲ. 1934ರ ಚಾಲಕರಿಗೂ ಈ ಹವ್ಯಾಸಿಗಳಿಗೂ ಪ್ರಮಾಣದಲ್ಲಿ ಹೋಲಿಕೆಯಿಲ್ಲ. ಆದರೂ ಇದನ್ನು ಮಕ್ಕಳಾಟಿಕೆಯ ವಿಷಯವೆಂದು ತಳ್ಳಿಹಾಕುವಂತಿಲ್ಲ.

ಮನೆಯ ಗಣಕಯಂತ್ರದಲ್ಲಿ ಓಡುವ ಸಿಮ್ಯುಲೇಟರುಗಳು 1990ರ ದಶಕದಲ್ಲಿ ಹರಡಿದುವು. ಬ್ರಿಟನ್ನಿನಲ್ಲಿ ಹೆಲಿಕಾಪ್ಟರಿನ ಬಾಲವನ್ನು ಸ್ಥಿರಗೊಳಿಸುವ ಗೈರೋಗಳನ್ನು ತಯಾರಿಸುತ್ತಿದ್ದ ಸಿ.ಎಸ್.ಎಂ. ಸಂಸ್ಥೆ ಸಿಮ್ಯುಲೇಟರನ್ನೂ ಹೊರತಂದಿತು. ಅಮೆರಿಕದಲ್ಲಿ 1997ರಲ್ಲಿ ರಿಯಲ್‌ಫ್ಲೈಟ್ ಬಂದಿತು. ಜರ್ಮನಿಯಿಂದ ರಿಫ್ಲೆಕ್ಸ್, ತರುವಾಯ ಹೆಲಿ-ಎಕ್ಸ್ ಬಂದುವು. ಬ್ರಿಟನ್ನಿನ ಫೀನಿಕ್ಸ್ ಕೆಲಕಾಲ ಜನಪ್ರಿಯವಾಗಿತ್ತು. ಇವುಗಳ ಜಾಹೀರಾತುಗಳು ಒತ್ತಿ ಹೇಳುವುದು ವಿಮಾನಗಳ ಸಂಖ್ಯೆಯನ್ನು, ಮೈದಾನಗಳ ಸೊಬಗನ್ನು, ಹುಲ್ಲಿನ ಹಸುರನ್ನು. ಮೇಲೆ ಹೇಳಿದ ಇತಿಹಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡುವವನು ಬೇರೆ ಕಡೆಗೆ ಕಣ್ಣು ಹಾಯಿಸಬೇಕಾಗುತ್ತದೆ.

ಮೊದಲನೆಯದು ಕೈ. ಆಂಟ್ವಾನೆಟ್ಟಿನ ಚಕ್ರದ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ನಿಜವಾದ ಟ್ರಾನ್ಸ್‌ಮಿಟರಿನಲ್ಲಿ ಎರಡು ಕಡ್ಡಿಗಳಿವೆ. ಏರಿಳಿತವನ್ನು ಆಳುವ ಚಲನೆಯನ್ನು ಬಿಟ್ಟು ಉಳಿದ ಮೂರೂ ಸ್ಪ್ರಿಂಗಿನಿಂದ ನಡುವಿಗೆ ಮರಳುತ್ತವೆ, ಅದು ಮಾತ್ರ ಬಿಟ್ಟಲ್ಲೇ ನಿಲ್ಲುತ್ತದೆ. ಗಣಕಯಂತ್ರದ ಆಟಗಳಿಗೆ ಬಳಸುವ ಕೈಪಿಡಿಯ ಗಿಡ್ಡ ಕಡ್ಡಿಗಳು ಎಲ್ಲ ದಿಕ್ಕಿನಿಂದಲೂ ನಡುವಿಗೆ ಹಾರಿಬರುತ್ತವೆ. ಅದರಲ್ಲಿ ಕಲಿತ ಹೆಬ್ಬೆರಳು ಮೈದಾನದಲ್ಲಿ ಮತ್ತೆ ಕಲಿಯಬೇಕು. ಮೊದಲು ಕಲಿತುದನ್ನು ಮರೆಯಲೂ ಬೇಕು. ಆದಕಾರಣ ತಾನು ಮುಂದೆ ಬಳಸಲಿರುವ ಟ್ರಾನ್ಸ್‌ಮಿಟರನ್ನೇ ಗಣಕಯಂತ್ರಕ್ಕೆ ಜೋಡಿಸಲು ಬರುವಂಥ ಸಿಮ್ಯುಲೇಟರನ್ನು ಆರಿಸುವುದು ಲೇಸು. ಕಡ್ಡಿಗಳ ಹಂಚಿಕೆಯಲ್ಲಿಯೂ ಭೇದವಿದೆ: ಏರಿಳಿತ ಬಲಗೈಯಲ್ಲಿರುವುದು ಒಂದನೆಯ ಕ್ರಮ, ಎಡಗೈಯಲ್ಲಿರುವುದು ಎರಡನೆಯದು. ತನಗೆ ಕಲಿಸಲಿರುವವರ ಕ್ರಮ ಯಾವುದೆಂದು ಕೇಳಿ ತಿಳಿದು ಆರಂಭದಲ್ಲಿಯೇ ನಿಶ್ಚಯಿಸಬೇಕು.

ಎರಡನೆಯದು ಚಂಚಲತೆ. ಈಗಿನ ಹಲವು ಯಂತ್ರಗಳಲ್ಲಿ ತಾನಾಗಿ ಸಮಸ್ಥಿತಿಗೆ ಮರಳಿಸುವ ವಿದ್ಯುನ್ಮಾನ ಸಾಧನವಿರುತ್ತದೆ. ಸಿಮ್ಯುಲೇಟರಿನಲ್ಲಿಯೂ ಹೊಸಬರ ಅನುಕೂಲಕ್ಕೆಂದು ಅದನ್ನು ಅಳವಡಿಸಿರುತ್ತಾರೆ. ಅದನ್ನು ನಿಲ್ಲಿಸಿ ಬರಿಯ ಯಂತ್ರವನ್ನು ಹಾರಿಸಲು ಬಾರದ ಸಿಮ್ಯುಲೇಟರು ಬೇರೆ ಏನನ್ನೋ ಕಲಿಸುತ್ತದೆ. ಗಾಳಿಯ ಬೀಸನ್ನು ಹೆಚ್ಚು ಕಡಮೆ ಮಾಡಲು ಬರಬೇಕು. ಕಡ್ಡಿ ಆಡಿದುದಕ್ಕೂ ಚಿತ್ರ ಕದಲಿದುದಕ್ಕೂ ನಡುವೆ ತಡವಿರಬಾರದು. ಈ ಕೊನೆಯದು ಸಣ್ಣ ಸಂಗತಿಯಂತೆ ತೋರಿದರೂ ಮುಖ್ಯ. ಹೆಲಿಕಾಪ್ಟರಿನ ಕಷ್ಟವೇ ತಡದ ಕಷ್ಟವಾಗಿರುವಾಗ ಅದಕ್ಕೆ ಗಣಕಯಂತ್ರದ ತಡವೂ ಸೇರಿದರೆ ಶಿಷ್ಯನು ಇಲ್ಲದ ಯಂತ್ರವೊಂದನ್ನು ಹಾರಿಸಲು ಕಲಿತಂತಾಗುತ್ತದೆ. ಹಳೆಯ ಗಣಕಯಂತ್ರವುಳ್ಳವನು ಹುಲ್ಲು ಮರಗಳ ಸೊಬಗನ್ನು ಕಡಮೆ ಮಾಡಿಯಾದರೂ ಈ ತಡವನ್ನು ತಗ್ಗಿಸಿಕೊಳ್ಳಬೇಕು.

ಮೂರನೆಯದು ಕಣ್ಣು. ಚಾಲಕನು ಒಂದೆಡೆ ನಿಂತು ನೋಡುವುದರಿಂದ ಮೈದಾನವೊಂದರ ಸುತ್ತುಚಿತ್ರವನ್ನು ಛಾಯಾಚಿತ್ರದಲ್ಲಿ ಹಿಡಿದು ಹಿನ್ನೆಲೆಯಾಗಿಟ್ಟರೆ ಸಾಕು. ದೊಡ್ಡ ವಿಮಾನದ ಸಿಮ್ಯುಲೇಟರಿಗೆ ಅಸಾಧ್ಯವಾದ ಈ ಸುಲಭೋಪಾಯ ಇಲ್ಲಿ ನೂರಕ್ಕೆ ನೂರು ಯುಕ್ತವಾದುದು. ಎಷ್ಟೋ ವೇಳೆ ಅದು ಬರೆದ ಮೈದಾನಗಳಿಗಿಂತ ನಂಬಿಕೆಗೆ ಅರ್ಹವಾಗಿರುತ್ತದೆ. ಆದರೆ ಯಂತ್ರ ದೂರ ಹೋದಂತೆ ಚಿತ್ರವನ್ನು ತಾನಾಗಿ ಹಿಗ್ಗಿಸಿ ತೋರಿಸುವ ಸೌಕರ್ಯವನ್ನು ಕಲಿಯುವವನು ಆದಷ್ಟು ಬೇಗ ನಿಲ್ಲಿಸಬೇಕು. ಮೈದಾನದಲ್ಲಿ ಯಾರ ಕಣ್ಣೂ ಹಾಗೆ ಹಿಗ್ಗಿಸಿ ನೋಡಲಾರದು. ದೂರದ ಕಪ್ಪು ಗೆರೆ ಬರುತ್ತಿದೆಯೋ ಹೋಗುತ್ತಿದೆಯೋ ಎಂದು ತಿಳಿಯದೆ ಯಂತ್ರ ಕಳೆದುಕೊಂಡವರು ಬಹಳ.

ವೆಚ್ಚದ ವಿಷಯದಲ್ಲಿ ರೋಸ್ಕೋ ಅವರ ಮಾತೇ ಸಾಕು. ಮೊದಲ ಗಂಟೆಗಳಲ್ಲಿಯೇ ಲಾಭ ಹೆಚ್ಚೆಂದಮೇಲೆ ನೂರಾರು ಯಂತ್ರಗಳುಳ್ಳ ದುಬಾರಿ ಸಿಮ್ಯುಲೇಟರಿಗಿಂತ, ತನ್ನಲ್ಲಿರುವ ಯಂತ್ರವನ್ನು ಹೋಲುವ ಒಂದೆರಡನ್ನು ಸತ್ಯವಾಗಿ ಹಾರಿಸುವ ಸಾಮಾನ್ಯ ಸಿಮ್ಯುಲೇಟರು ಹೊಸಬನಿಗೆ ಮೇಲು. ಬಾಲ ತನ್ನ ಕಡೆ, ಅನಂತರ ಪಕ್ಕ, ಅನಂತರ ಮೂಗು ತನ್ನ ಕಡೆ, ಹೀಗೆ ಒಂದೊಂದನ್ನೂ ಕೈಗೆ ಹತ್ತಿಸಿಕೊಂಡು ಬೇಗನೆ ಮೈದಾನಕ್ಕೆ ಹೋಗುವುದು ಒಳ್ಳೆಯದು. ಬಿದ್ದ ಯಂತ್ರವನ್ನು ಗುಂಡಿಯೊತ್ತಿ ಮತ್ತೆ ನಿಲ್ಲಿಸಬಹುದಾದ ಲೋಕದಲ್ಲಿ ಬಹುಕಾಲ ಇದ್ದವನಿಗೆ ಅಲಗಿನ ಭಯ ಹೋಗಿಬಿಡುತ್ತದೆ. ಆ ಭಯವನ್ನು ಕಲಿಸುವ ಸಿಮ್ಯುಲೇಟರು ಇನ್ನೂ ಬಂದಿಲ್ಲ.

ಕೊನೆಯದಾಗಿ ಆಯ್ಕೆಗೂ ಇತಿಹಾಸಕಾರನಿಗೂ ಸಂಬಂಧಿಸಿದ ಒಂದು ಸಂಗತಿ. ಈ ಸಿಮ್ಯುಲೇಟರುಗಳು ಮಾರುವವರ ಆಯುಸ್ಸಿಗೆ ಕಟ್ಟುಬಿದ್ದಿವೆ. ರಿಯಲ್‌ಫ್ಲೈಟನ್ನು ಮಾರುತ್ತಿದ್ದ ಹಾಬಿಕೋ ಸಂಸ್ಥೆ 2018ರಲ್ಲಿ ದಿವಾಳಿಯಾಗಿ ಅದು ಹೊರೈಜನ್ ಸಂಸ್ಥೆಯ ಕೈಸೇರಿತು. ಫೀನಿಕ್ಸಿನ ಮಾರಾಟ ನಿಂತುಹೋಗಿದೆ. ಕೊಳ್ಳುವವನು ಇದನ್ನೂ ವಿಚಾರಿಸಬೇಕು. ನಮಗಾದರೋ ಇದು ಆಕರಗಳ ಪ್ರಶ್ನೆ. ಆಂಟ್ವಾನೆಟ್ಟಿನ ಪೀಪಾಯಿಯನ್ನು ಛಾಯಾಚಿತ್ರಗಳಲ್ಲಿ ನೋಡಬಹುದು. ಲಿಂಕನ ಪೆಟ್ಟಿಗೆ ಬಿಂಗ್‌ಹ್ಯಾಮ್ಟನ್ನಿನ ರಾಬರ್ಸನ್ ವಸ್ತುಸಂಗ್ರಹಾಲಯದಲ್ಲಿದೆ. ಅಮೆರಿಕದ ಯಂತ್ರಶಿಲ್ಪಿಗಳ ಸಂಘ 2000ದಲ್ಲಿ ಅದಕ್ಕೆ ಚಾರಿತ್ರಿಕ ಸ್ಮಾರಕದ ಮನ್ನಣೆ ಕೊಟ್ಟಿದೆ. 1990ರ ದಶಕದ ಸಿಮ್ಯುಲೇಟರುಗಳಿಗಾದರೆ ಆಗಿನ ಗಣಕಯಂತ್ರ ಬೇಕು, ಅದರ ಹಿಂಬದಿಯ ಆಗಿನ ಸಂಪರ್ಕಬಿಂದು ಬೇಕು. ಇಂದಿನ ಯಂತ್ರಗಳಲ್ಲಿ ಅದಿಲ್ಲ. ಅವುಗಳ ಕೈಪಿಡಿಗಳೂ ಜಾಹೀರಾತುಗಳೂ ಉಳಿದಿವೆ. ಕಡ್ಡಿ ತಳ್ಳಿದಾಗ ಆ ಯಂತ್ರ ಕೈಗೆ ಹೇಗೆ ಉತ್ತರ ಕೊಡುತ್ತಿತ್ತೆಂಬುದಕ್ಕೆ ಮಾತ್ರ ಅದರಲ್ಲಿ ಕಲಿತವರ ನೆನಪೇ ಸಾಕ್ಷಿ. ಅವರಲ್ಲಿ ಹಲವರು ಈಗ ನಡುವಯಸ್ಸನ್ನು ದಾಟಿದವರು. ಅವರ ಮಾತುಗಳನ್ನು ಕೇಳಿ ಬರೆದಿಡುವ ಕೆಲಸ ಈಗಲೇ ಆಗಬೇಕಾಗಿದೆ.